ಡಿಸ್ನಿಯಲ್ಲಿ ಟೆಂಟ್, ಪಾರ್ಕಿಗೆ ರಜೆ: ಫೋರ್ಟ್ ವಿಲ್ಡರ್‌ನೆಸ್‌ನಲ್ಲಿ ಮನೆಮಂದಿಯ ಕ್ಯಾಂಪಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಅತ್ತೆ-ಮಾವ ಹಾಸನದಿಂದ ಆರು ತಿಂಗಳಿಗೆ ಅಂತ ಅಟ್ಲಾಂಟಾಕ್ಕೆ ಬಂದಿದ್ದರು. ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಡಿಸ್ನಿ ತೋರಿಸಿದ್ರಾ?" ಒಂದು ರಾತ್ರಿ ಊಟವಾದ ಮೇಲೆ ಲೆಕ್ಕಕ್ಕೆ ಕೂತೆವು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ರೈಡ್‌ಗಳಿರುವ ಪಾರ್ಕುಗಳಿಗೆ ಒಂದು ದಿನದ ಟಿಕೆಟ್ 119 ಡಾಲರ್‌ನಿಂದ ಶುರು. ಜನ ಜಾಸ್ತಿ ಇರುವ ದಿನಗಳಲ್ಲಿ 200ರ ಆಸುಪಾಸಿಗೆ ಹೋಗುತ್ತದೆ. ಸರಾಸರಿ 150 ಅಂತ ಹಿಡಿದರೂ ನಾವು ಆರು ಜನಕ್ಕೆ 900 ಡಾಲರ್. ಮಾವ ಅದನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ, "ಮುಕ್ಕಾಲು ಲಕ್ಷ ಆಯ್ತಲ್ಲೋ, ಒಂದು ದಿನಕ್ಕಾ?" ಅಂದರು. ಅತ್ತೆ ಏನೂ ಹೇಳಲಿಲ್ಲ, ಮಂಡಿ ನೀವಿಕೊಂಡರು. ಪಾರ್ಕ್ ಅಂದರೆ ದಿನಕ್ಕೆ ಹತ್ತು-ಹದಿನೈದು ಸಾವಿರ ಹೆಜ್ಜೆ ಅಂತ ಅವರಿಗೆ ಯಾರೋ ಹೇಳಿದ್ದರು.

ಹಾಗಾಗಿ ಡಿಸ್ನಿಗೆ ಹೋದೆವು, ಪಾರ್ಕಿಗೆ ಹೋಗಲಿಲ್ಲ. ಡಿಸ್ನಿಯ ಜಾಗದೊಳಗೇ ಇರುವ ಫೋರ್ಟ್ ವಿಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡಿನಲ್ಲಿ ನಾಲ್ಕು ರಾತ್ರಿ ಟೆಂಟ್ ಹಾಕಿದೆವು. ಆಮೇಲೆ ಇನ್ನೂ ಎರಡು ಸಲ ಹೋಗಿ ಬಂದಿದ್ದೇವೆ. ನನ್ನ ಮಟ್ಟಿಗೆ ಇಲ್ಲಿನ ದೊಡ್ಡ ಸುಖ ದುಡ್ಡು ಉಳಿಯುವುದಲ್ಲ, ಆತುರ ಇಲ್ಲದಿರುವುದು. ಟಿಕೆಟ್ ಕೈಯಲ್ಲಿದ್ದರೆ ಬೆಳಿಗ್ಗೆ ಆರಕ್ಕೆ ಎದ್ದು "ದುಡ್ಡು ವಸೂಲ್ ಆಗಬೇಕು" ಅಂತ ಮಕ್ಕಳನ್ನು ಎಳೆದುಕೊಂಡು ಓಡುತ್ತೇವೆ. ಟಿಕೆಟ್ಟೇ ಇಲ್ಲ ಅಂದರೆ ಕಾಫಿ ಆರುವವರೆಗೂ ಕೂತಿರಬಹುದು.

ಇದು ಎಂಥ ಜಾಗ

ಡಿಸ್ನಿ ವರ್ಲ್ಡ್ ತೆರೆದದ್ದು 1971ರ ಅಕ್ಟೋಬರ್ 1ರಂದು. ಒಂದೂವರೆ ತಿಂಗಳ ನಂತರ, ನವೆಂಬರ್ 19ಕ್ಕೆ, ಫೋರ್ಟ್ ವಿಲ್ಡರ್‌ನೆಸ್ ಶುರುವಾಯಿತು. ಬೇ ಲೇಕ್ ಅನ್ನುವ ಕೆರೆಯ ದಂಡೆಯಲ್ಲಿ ಪೈನ್ ಮತ್ತು ಸೈಪ್ರೆಸ್ ಮರಗಳ ಕಾಡು, ಸುಮಾರು 750 ಎಕರೆ. ಒಳಗೆ ಲೂಪ್‌ಗಳಿವೆ. ನಮ್ಮ ಬಡಾವಣೆಗಳ ಕ್ರಾಸ್ ಇದ್ದ ಹಾಗೆ ಅಂದುಕೊಳ್ಳಿ: ಒಂದೊಂದು ಲೂಪ್‌ಗೂ ಒಂದು ನಂಬರ್, ರಸ್ತೆಯ ಎರಡೂ ಬದಿಗೆ ಸೈಟುಗಳು, ನಡುವೆ ಮರಗಿಡ. ಬೆಂಗಳೂರಿನವರಿಗೆ "ಸೈಟ್" ಅಂದ ಕೂಡಲೇ ಕಿವಿ ನಿಮಿರುತ್ತದೆ, ಆದರೆ ಇದು ಬರೀ ರಾತ್ರಿ ಲೆಕ್ಕದ ಬಾಡಿಗೆ!

ಒಂದು ಕಾಲಕ್ಕೆ ಇಲ್ಲಿ ಪುಟ್ಟ ಉಗಿಬಂಡಿ ಓಡುತ್ತಿತ್ತು. 1976ರಲ್ಲಿ ರಿವರ್ ಕಂಟ್ರಿ ಅನ್ನುವ ವಾಟರ್ ಪಾರ್ಕ್ ತೆರೆದರು, 2001ರಲ್ಲಿ ಅದೂ ಬಾಗಿಲು ಹಾಕಿತು. ಈಗ ಕಾಡು, ಕೆರೆ, ಕುದುರೆ ಲಾಯ, ಈಜುಕೊಳ, ಒಂದೆರಡು ಅಂಗಡಿ ಇವೆ. ನಮಗೆ ಅಷ್ಟು ಸಾಕು.

ಹೆಜ್ಜೆ 1: ಮಾತು ಮನೆಯಲ್ಲೇ ಮುಗಿಸಿ

ಬುಕ್ ಮಾಡುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ನೇರವಾಗಿ ಹೇಳಿಬಿಡಿ: ಪಾರ್ಕಿನ ಕೋಟೆಯ ಒಳಗೆ ಹೋಗಲ್ಲ, ದೊಡ್ಡ ರೈಡ್‌ಗಳಿಲ್ಲ. "ನೋಡೋಣ" ಅಂತ ಮಾತ್ರ ಹೇಳಬೇಡಿ. ಮಕ್ಕಳ ಕಿವಿಗೆ "ನೋಡೋಣ" ಅಂದರೆ "ಹೂಂ" ಅಂತಲೇ ಅರ್ಥ. ಕೆರೆಯ ಆಚೆ ಕೋಟೆ ಕಾಣುವ ಹೊತ್ತಿಗೆ ಅಳು ಶುರುವಾಗುತ್ತದೆ.

ನಮ್ಮ ದೊಡ್ಡವಳಿಗೆ ಆಗ ಹನ್ನೊಂದು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಒಂದು ಕಾಗದ ಕೊಟ್ಟು, "ಪಾರ್ಕ್ ಬಿಟ್ಟು ಅಲ್ಲಿ ಏನೇನಿದೆ ಅಂತ ನೀನೇ ಹುಡುಕಿ ಪಟ್ಟಿ ಮಾಡು, ಅದರಂತೆ ಹೋಗೋಣ" ಅಂದೆ. ಪಟ್ಟಿ ಎರಡು ಪುಟ ಆಯಿತು.

ಎಲ್ಲರಿಗೂ ಇದು ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಮಗು ವರ್ಷಗಟ್ಟಲೆ ರಾಜಕುಮಾರಿಯನ್ನು ನೋಡುವ ಕನಸು ಕಾಣುತ್ತಿದ್ದರೆ, ಅವಳನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ ವಾಪಸ್ ತರುವುದು ಕ್ರೂರ. ಅಂಥವರು ಒಂದು ದಿನದ ಟಿಕೆಟ್ ತಗೊಳ್ಳಿ, ಉಳಿದ ದಿನ ಟೆಂಟಲ್ಲಿರಿ.

ಹೆಜ್ಜೆ 2: ಯಾವ ತಿಂಗಳು

ಟೆಂಟ್ ಅಂದಮೇಲೆ ಹವೆಯೇ ಯಜಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ಲೆಂಡೋ ನಮ್ಮ ಮಂಗಳೂರಿನ ಮೇ ತಿಂಗಳಿದ್ದ ಹಾಗೆ. ಸೆಕೆ, ಬೆವರು, ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಗುಡುಗು ಸಿಡಿಲಿನ ಮಳೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಬೇರೆ. ಶಾಲೆಗೆ ರಜ ಇದೆ ಅಂತ ಜುಲೈನಲ್ಲಿ ಹಿರಿಯರನ್ನು ಕರೆದುಕೊಂಡು ಟೆಂಟಿಗೆ ಹೋಗಬೇಡಿ.

ಚೆನ್ನಾಗಿರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಹಗಲು ಹಿತವಾಗಿರುತ್ತದೆ. ಜನವರಿ ರಾತ್ರಿಗಳಲ್ಲಿ ಮಾತ್ರ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಫ್ಲಾರಿಡಾ ಅಂದರೆ ಬಿಸಿಲು ಅಂತ ನಂಬಿ ಬರೀ ತೆಳ್ಳನೆ ಹೊದಿಕೆ ಒಯ್ದಿದ್ದೆವು. ಮೊದಲ ರಾತ್ರಿ ಮಾವ ಮಫ್ಲರ್, ಸ್ವೆಟರ್, ಅದರ ಮೇಲೆ ನನ್ನ ಶಾಲು ಹೊದ್ದು ಮಲಗಿದರು.

ಕ್ರಿಸ್‌ಮಸ್ ವಾರ ಮತ್ತು ಹ್ಯಾಲೋವೀನ್ ಹೊತ್ತು ಇಲ್ಲಿ ಜಾತ್ರೆ. ಪ್ರತಿವರ್ಷ ಬರುವವರು ತಮ್ಮ ಸೈಟುಗಳಿಗೆ ಲೈಟು, ಗೊಂಬೆ ಹಾಕಿ ಮನೆಗಿಂತ ಜೋರಾಗಿ ಅಲಂಕಾರ ಮಾಡುತ್ತಾರೆ. ನೋಡಲು ಬಲು ಚೆಂದ. ಆದರೆ ಬಾಡಿಗೆ ಏರುತ್ತದೆ, ಜಾಗ ಸಿಗುವುದು ಕಷ್ಟ.

ಹೆಜ್ಜೆ 3: ಸೈಟ್ ಹಿಡಿಯುವುದು

ಇಲ್ಲಿ ಉಳಿದುಕೊಳ್ಳಲು ಪಾರ್ಕ್ ಟಿಕೆಟ್ ಬೇಡ. ಡಿಸ್ನಿ ವೆಬ್‌ಸೈಟಿನಲ್ಲಿ ಬುಕ್ ಮಾಡುವಾಗ ಟಿಕೆಟ್ ಸೇರಿದ ಪ್ಯಾಕೇಜನ್ನೇ ಮುಂದೆ ತಳ್ಳುತ್ತಾರೆ. ಅದನ್ನು ಬಿಟ್ಟು ಬರೀ ವಸತಿ ಆಯ್ಕೆ ಮಾಡಿ. 499 ದಿನ ಮುಂಚೆಯೇ ಬುಕಿಂಗ್ ತೆರೆಯುತ್ತದೆ. ಹಬ್ಬದ ವಾರ ಬೇಕೆಂದರೆ ಅಷ್ಟು ಬೇಗ ನೋಡುವುದೇ ಒಳ್ಳೆಯದು, ಸಾಧಾರಣ ವಾರಗಳಿಗೆ ಮೂರ್ನಾಲ್ಕು ತಿಂಗಳು ಸಾಕಾಗಿದೆ ನಮಗೆ. ಕ್ಯಾನ್ಸಲ್ ನಿಯಮವನ್ನು ದುಡ್ಡು ಕಟ್ಟುವ ಮುಂಚೆ ಓದಿಕೊಳ್ಳಿ.

ಸೈಟಿನಲ್ಲಿ ಹಲವು ದರ್ಜೆಗಳಿವೆ. ಟೆಂಟ್ ಹಾಕುವವರಿಗೆ ಅಗ್ಗದ "ಟೆಂಟ್ ಅಥವಾ ಪಾಪ್-ಅಪ್" (ಮಡಚಿ ಬಿಚ್ಚುವ ಪುಟ್ಟ ಕ್ಯಾಂಪಿಂಗ್ ಗಾಡಿ) ಸೈಟೇ ಸಾಕು. ಅದರಲ್ಲಿ ನೀರಿನ ನಲ್ಲಿ, ಕರೆಂಟ್, ಒಂದು ಮರದ ಮೇಜು-ಬೆಂಚು, ಒಂದು ಇದ್ದಿಲ ಗ್ರಿಲ್ ಇರುತ್ತದೆ. ಫುಲ್ ಹುಕ್-ಅಪ್, ಪ್ರೀಮಿಯಂ ಎಲ್ಲ ಆರ್‌ವಿ ಅನ್ನುವ ಮನೆಗಾಡಿ ತರುವವರಿಗೆ. ಅವುಗಳ ಚರಂಡಿ ಕನೆಕ್ಷನ್ ಇಟ್ಟುಕೊಂಡು ಟೆಂಟಿನವರು ಮಾಡುವುದೇನು? ಬಾಡಿಗೆ ಸೀಸನ್ ನೋಡಿಕೊಂಡು ರಾತ್ರಿಗೆ 100 ಡಾಲರ್ ಆಸುಪಾಸಿನಿಂದ 200 ದಾಟುವವರೆಗೂ ಇರುತ್ತದೆ. ಒಂದು ಸೈಟಿಗೆ ಹತ್ತು ಜನರವರೆಗೆ ಇರಬಹುದು. ಎರಡು ಸಂಸಾರ ಸೇರಿ ಹೋದರೆ ತಲೆಗೆ ಬೀಳುವುದು ತೀರಾ ಕಡಿಮೆ. ಸ್ಟೇಟ್ ಪಾರ್ಕ್ ಕ್ಯಾಂಪ್‌ಗ್ರೌಂಡಿಗೆ ಹೋಲಿಸಿದರೆ ಇದು ದುಬಾರಿಯೇ, ಅದನ್ನು ಮುಚ್ಚಿಡಲ್ಲ. ಜಾಸ್ತಿ ಕೊಡುವ ದುಡ್ಡು ಬಸ್ಸು, ದೋಣಿ, ಈಜುಕೊಳ, ಸಂಜೆಯ ಕಾರ್ಯಕ್ರಮ ಮತ್ತು ತೊಳೆದಿಟ್ಟಂಥ ಬಚ್ಚಲಿಗೆ.

ಟೆಂಟ್ ಸೈಟುಗಳು ಹೆಚ್ಚಾಗಿ 1500 ಮತ್ತು 2000ನೇ ಲೂಪ್‌ಗಳಲ್ಲಿವೆ. ಬುಕ್ ಮಾಡುವಾಗ ಒಂದು ಕೋರಿಕೆ ಬರೆಯಬಹುದು. ಹಿರಿಯರಿದ್ದರೆ "ಕಂಫರ್ಟ್ ಸ್ಟೇಷನ್ ಹತ್ತಿರ ಕೊಡಿ" ಅಂತ ಅದೊಂದನ್ನೇ ಬರೆಯಿರಿ. ಹಾಗಂದರೆ ಏಸಿ ಇರುವ ಸ್ನಾನ-ಶೌಚದ ಕಟ್ಟಡ, ಬಟ್ಟೆ ಒಗೆಯುವ ಮೆಷಿನ್‌ಗಳೂ ಅಲ್ಲೇ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಅತ್ತೆಯನ್ನು ಕರೆದುಕೊಂಡು ಹೋಗುವವರು ನೀವೇ. ಐವತ್ತು ಹೆಜ್ಜೆಗೂ ಇನ್ನೂರು ಹೆಜ್ಜೆಗೂ ಆಗ ಗೊತ್ತಾಗುತ್ತದೆ ವ್ಯತ್ಯಾಸ.

ನೆಲದ ಮೇಲೆ ಮಲಗಲು ಆಗುವುದೇ ಇಲ್ಲ ಅನ್ನುವವರಿಗೆ ಅಡುಗೆಮನೆ ಇರುವ ಕ್ಯಾಬಿನ್‌ಗಳಿವೆ. ಅವು ಹೊಸದಾಗಿ 2024ರಲ್ಲಿ ತೆರೆದವು. ಬಾಡಿಗೆ ಟೆಂಟ್ ಸೈಟಿನ ಹಲವು ಪಟ್ಟು.

ಹೆಜ್ಜೆ 4: ಗಂಟುಮೂಟೆ

ಟೆಂಟ್ ನಿಮ್ಮದೇ ಒಯ್ಯಬೇಕು. ಆರು ಜನಕ್ಕೆ "ಆರು ಜನದ ಟೆಂಟ್" ತಗೊಂಡರೆ ಉಪ್ಪಿನಕಾಯಿ ಭರಣಿಯ ಸ್ಥಿತಿ, ಆದ್ದರಿಂದ ಒಂದು ಸೈಜ್ ಮೇಲಿನದೇ ಇರಲಿ. ಒಳಗೆ ನಿಂತು ಸೀರೆ ಉಡುವಷ್ಟು ಎತ್ತರ ಇದೆಯಾ ಅಂತ ಅಂಗಡಿಯಲ್ಲೇ ನೋಡಿ. ಈ ಸಲಹೆ ನನ್ನದಲ್ಲ, ಅತ್ತೆಯದು.

ಹಿರಿಯರಿಗೆ ಗಾಳಿ ಹಾಸಿಗೆ ಬೇಡ. ಅದರಿಂದ ಏಳುವುದು ಅವರಿಗೆ ಕಸರತ್ತು. ಮಡಚುವ ಮಂಚ ಒಯ್ಯಿರಿ, ಮೇಲೊಂದು ದಪ್ಪ ರಜಾಯಿ ಹಾಸಿ. ಮಂಚದ ಕಾಲು ಟೆಂಟಿನ ತಳ ತೂತು ಮಾಡದ ಹಾಗೆ ಕೆಳಗೆ ಹಳೆ ಯೋಗ ಮ್ಯಾಟ್ ಹಾಕಿದರೆ ಆಯ್ತು.

ಸೈಟಿನಲ್ಲಿ ಕರೆಂಟ್ ಇದೆ ಅಂದೆನಲ್ಲ, ಇದೇ ನಮ್ಮಂಥವರ ಜೀವ. ಹೊರಗೆ ಬಳಸುವ ಉದ್ದನೆಯ ಎಕ್ಸ್‌ಟೆನ್ಷನ್ ವೈರು, ಒಂದು ಟೇಬಲ್ ಫ್ಯಾನ್, ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಒಯ್ಯಿರಿ. ಕುಕ್ಕರ್ ಮತ್ತು ಇಂಡಕ್ಷನ್ ಒಟ್ಟಿಗೆ ಹಚ್ಚಬೇಡಿ, ಟ್ರಿಪ್ ಆಗುತ್ತದೆ. ಊರಿಂದ ತಂದ ಮಿಕ್ಸಿಯನ್ನು ಅಂತೂ ಡಿಕ್ಕಿಗೇ ಹಾಕಬೇಡಿ. ಇಲ್ಲಿನ ಕರೆಂಟ್ 120 ವೋಲ್ಟ್, ನಮ್ಮ ಮಿಕ್ಸಿ ಕೇಳುವುದು 230. ಟೆಂಟಿನೊಳಗೆ ಹೀಟರ್, ಇದ್ದಿಲು, ಗ್ಯಾಸ್ ಒಲೆ ಯಾವುದೂ ಕೂಡದು. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ, ಗೊತ್ತಾಗುವ ಮೊದಲೇ ಜೀವ ಹೋಗಿರುತ್ತದೆ.

ಇನ್ನು ಸಣ್ಣಪುಟ್ಟದ್ದು. ಶೌಚಾಲಯಕ್ಕೆ ಒಂದು ಪ್ಲಾಸ್ಟಿಕ್ ಚೊಂಬು, ಒಣಹಾಕಲು ಹಗ್ಗ, ಮಡಚುವ ಕುರ್ಚಿ ತಲೆಗೊಂದು, ಟೆಂಟ್ ಬಾಗಿಲಿಗೆ ಕಾಲೊರಸು, ಸಣ್ಣ ಪೊರಕೆ. ಮರಳು ನೆಲ, ಒಳಗೆ ಬಂದರೆ ಹೋಗುವುದೇ ಇಲ್ಲ. ನಲ್ಲಿ ನೀರು ಕುಡಿಯಬಹುದು. ನಮಗೆ ಅದರ ರುಚಿ ಹಿಡಿಸಲಿಲ್ಲ, ಕ್ಯಾನ್ ತಗೊಂಡೆವು.

ಹೆಜ್ಜೆ 5: ಊಟ, ಅದರಲ್ಲೂ ಬದನೆಕಾಯಿ

ರೆಸಾರ್ಟಿನ ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಮ್ಮಿ. ಒಳಗಿನ ಎರಡು ಅಂಗಡಿಗಳಲ್ಲಿ ಹಾಲು, ಬ್ರೆಡ್, ಐಸ್ ಸಿಗುತ್ತದೆ, ಬೆಲೆ ಮಾತ್ರ ಬಸ್‌ಸ್ಟ್ಯಾಂಡ್ ಅಂಗಡಿಯ ಧಾಟಿ. ಆರ್ಲೆಂಡೋ ಊರಲ್ಲಿ ಇಂಡಿಯನ್ ಗ್ರೋಸರಿ ಅಂಗಡಿಗಳಿವೆ. ಮೊಸರು, ಸೊಪ್ಪು, ಹಸಿಮೆಣಸಿನಕಾಯಿ ಅಲ್ಲೇ ತಗೊಂಡು ಒಳಗೆ ಹೋಗುವುದು ಜಾಣತನ.

ನಾವು ಮನೆಯಿಂದಲೇ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಮತ್ತು ಉಪ್ಪಿಟ್ಟಿನ ಮಿಕ್ಸ್ ಒಯ್ಯುತ್ತೇವೆ. ಮಿಕ್ಸ್ ಮಾಡುವುದು ಹೀಗೆ. ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಗೋಡಂಬಿ, ಒಣಮೆಣಸಿನಕಾಯಿ ಹಾಕಿ, ಕರಿಬೇವು ಗರಿಗರಿಯಾಗಿ ಮುರಿಯುವವರೆಗೂ ಹುರಿಯಿರಿ. ಅದಕ್ಕೇ ರವೆ ಸುರಿದು ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ಉಪ್ಪು ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಹಸಿಮೆಣಸು, ಈರುಳ್ಳಿ ಹಾಕಬೇಡಿ, ಪಸೆ ಬಂದು ಕೆಡುತ್ತದೆ. ಅಲ್ಲಿ ಒಂದು ಲೋಟ ಮಿಕ್ಸ್‌ಗೆ ಎರಡೂವರೆ ಲೋಟ ಕುದಿಯುವ ನೀರು, ಐದು ನಿಮಿಷ ಮುಚ್ಚಿಡುವುದು, ಮೇಲೊಂದು ಚಮಚ ತುಪ್ಪ. ಅಷ್ಟೇ.

ಸಂಜೆಗೆ ಗ್ರಿಲ್. ಪಕ್ಕದ ಸೈಟಿನವರು ಸಾಸೇಜ್ ಸುಡುತ್ತಿದ್ದರೆ ನಾವು ದೊಡ್ಡ ನೇರಳೆ ಬದನೆಕಾಯಿ ಇಟ್ಟೆವು. ಎಣ್ಣೆ ಸವರಿ, ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚಿ, ಕೆಂಡ ಬೂದಿ ಕಟ್ಟಿದ ಮೇಲೆ ಇಡಬೇಕು. ಉರಿ ಇರುವಾಗ ಇಟ್ಟರೆ ಹೊರಗೆ ಕರಿ, ಒಳಗೆ ಹಸಿ. ತಿರುಗಿಸುತ್ತಾ ಇಪ್ಪತ್ತು-ಇಪ್ಪತ್ತೈದು ನಿಮಿಷ. ಸಿಪ್ಪೆ ಸುಕ್ಕುಗಟ್ಟಿ ಬಿರಿದು, ತೊಟ್ಟಿನ ಹತ್ತಿರದಿಂದ ರಸ ತೊಟ್ಟಿಕ್ಕಿ ಕೆಂಡದ ಮೇಲೆ ಚುರ್ ಅನ್ನುತ್ತದೆ, ಆಗ ಆಯ್ತು ಅಂತ ಲೆಕ್ಕ. ಪಾತ್ರೆಗೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ತಾನಾಗೇ ಬಿಟ್ಟುಕೊಳ್ಳುತ್ತದೆ. ಕಿವುಚಿ, ಹಸಿ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಉಪ್ಪು, ಮೊಸರು. ಅತ್ತೆ ಅನ್ನಕ್ಕೆ ಕಲಸಿಕೊಳ್ಳುತ್ತಾ, "ಗ್ಯಾಸ್ ಬಂದ ಮೇಲೆ ಇಂಥ ಗೊಜ್ಜು ತಿಂದೇ ಇರಲಿಲ್ಲ ಕಣಮ್ಮಾ. ಇದಕ್ಕೆ ಅಮೆರಿಕಕ್ಕೆ ಬರಬೇಕಾಯ್ತು ನೋಡು" ಅಂದರು.

ಬೆಂಕಿ ಗ್ರಿಲ್‌ನಲ್ಲಿ ಮಾತ್ರ. ನೆಲದ ಮೇಲೆ ಸೌದೆ ಹಾಕಿ ಹಚ್ಚುವಂತಿಲ್ಲ.

ಹೆಜ್ಜೆ 6: ತಲುಪಿದ ದಿನ

ಸೈಟ್ ಕೊಡುವುದು ಮಧ್ಯಾಹ್ನ ಒಂದಕ್ಕೆ. ಅಟ್ಲಾಂಟಾದಿಂದ ಸುಮಾರು 440 ಮೈಲಿ, ಏಳು ಗಂಟೆಯ ದಾರಿ. ನಾವು ಬೆಳಿಗ್ಗೆ ಐದಕ್ಕೆ ಬಿಟ್ಟೆವು. ಏನೇ ಆಗಲಿ ಬೆಳಕಿರುವಾಗ ಟೆಂಟ್ ನಿಂತಿರಬೇಕು. ಅದಕ್ಕೂ ಮುಂಚೆ, ಮನೆಯ ಹಿತ್ತಲಲ್ಲಿ ಒಂದು ಸಲ ಬಿಚ್ಚಿ ಹಾಕಿ ನೋಡಿ. ನಾವು ಹಾಗೆ ಮಾಡಲಿಲ್ಲ. ಅಲ್ಲಿ ಹೋಗಿ ಬಿಚ್ಚಿದರೆ ಗೂಟಗಳ ಚೀಲವೇ ಇಲ್ಲ! ನಮ್ಮನೆಯವರು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದರು. ಎದುರು ಸೈಟಿನ ಒಬ್ಬ ಅಜ್ಜ ನೋಡಿ, ಮಾತಾಡದೆ ಒಂದು ಡಬ್ಬಿ ಗೂಟ, ಒಂದು ರಬ್ಬರ್ ಸುತ್ತಿಗೆ ತಂದಿಟ್ಟು ಹೋದ. ಆ ಸಂಜೆ ಅವನ ಮೇಜಿಗೂ ಒಂದು ತಟ್ಟೆ ಚಿತ್ರಾನ್ನ ಹೋಯಿತು.

ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಟೆಂಟಿಗಿಂತ ನಾಲ್ಕು ಬೆರಳು ಒಳಗಿರಬೇಕು. ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ನಿಮ್ಮ ಬೆನ್ನ ಕೆಳಗೇ ತರುತ್ತದೆ. ಹಾಸುವ ಮುಂಚೆ ನೆಲದಲ್ಲಿ ಕೆಂಪಿರುವೆ ಗುಪ್ಪೆ ಇದೆಯಾ ನೋಡಿ. ಇಲ್ಲಿನ ಫೈರ್ ಆಂಟ್ ಕಚ್ಚಿದರೆ ಬೆಂಕಿಯಂಥ ಉರಿ, ಮಾರನೇ ದಿನಕ್ಕೆ ಕೀವುಗುಳ್ಳೆ.

ಹೆಜ್ಜೆ 7: ಒಳಗೆ ಓಡಾಟ

ಜಾಗ ದೊಡ್ಡದು. ಟೆಂಟ್ ಲೂಪ್‌ಗಳಿಂದ ಕೆರೆ ದಂಡೆಗೆ ಒಂದು ಮೈಲಿಗೂ ಜಾಸ್ತಿ ಆಗಬಹುದು. ನಿಮ್ಮ ಕಾರು ಸೈಟಿನಲ್ಲೇ ನಿಲ್ಲುತ್ತದೆ, ಒಳಗಿನ ಓಡಾಟಕ್ಕೆ ಉಚಿತ ಬಸ್ಸು ಇದೆ. ಆದರೆ ಬಸ್ಸಿಗೆ ಕಾಯಬೇಕು, ಎಲ್ಲ ಸ್ಟಾಪಲ್ಲೂ ನಿಲ್ಲುತ್ತದೆ. ಆತುರದವರಿಗೆ ಇಲ್ಲೇ ಸಿಟ್ಟು ಬರುವುದು.

ಗಾಲ್ಫ್ ಕಾರ್ಟ್ ಬಾಡಿಗೆಗೆ ಸಿಗುತ್ತದೆ, ಓಡಿಸಲು 16 ವರ್ಷ ಆಗಿ ಲೈಸೆನ್ಸ್ ಇರಬೇಕು. ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಬೇಗ ಖಾಲಿಯೂ ಆಗುತ್ತದೆ. ಆದರೂ ನಡೆಯಲಾಗದ ಹಿರಿಯರಿದ್ದರೆ ಇದೊಂದಕ್ಕೆ ಖರ್ಚು ಮಾಡಿ ಅಂತ ನಾನು ಹೇಳುತ್ತೇನೆ. ಉಳಿದೆಲ್ಲದರಲ್ಲೂ ಜಿಪುಣತನ ಮಾಡಿ, ಪರವಾಗಿಲ್ಲ. ಕಾರ್ಟ್ ಬಂದ ದಿನದಿಂದ ಮಾವ ಮುಂದಿನ ಸೀಟು ಯಾರಿಗೂ ಬಿಟ್ಟುಕೊಡಲಿಲ್ಲ. ಲೂಪ್ ಲೂಪ್ ಸುತ್ತಿ ಯಾರ ಮನೆಗಾಡಿ ಹೇಗಿದೆ ಅಂತ ನೋಡಿಕೊಂಡು ಬರುವುದೇ ಅವರ ವಾಕಿಂಗ್ ಆಯಿತು. ಮಕ್ಕಳ ಸೈಕಲ್ ಮನೆಯಿಂದಲೇ ಒಯ್ಯಿರಿ, ರಸ್ತೆ ಚಪ್ಪಟೆ.

ಹೆಜ್ಜೆ 8: ಹಗಲು, ಸಂಜೆ, ರಾತ್ರಿ

ಬೆಳಿಗ್ಗೆ ಕೆರೆ ಕಡೆಗೆ ಹೋದರೆ ಟ್ರೈ-ಸರ್ಕಲ್-ಡಿ ರಾಂಚ್ ಸಿಗುತ್ತದೆ. ಕೋಟೆ ಇರುವ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಬೀದಿಯಲ್ಲಿ ಟ್ರಾಲಿ ಎಳೆಯುವ ದೊಡ್ಡ ಕುದುರೆಗಳು ಇರುವುದು ಇಲ್ಲೇ. ಲಾಯ ನೋಡಲು ದುಡ್ಡಿಲ್ಲ. ಕಾಲು ತೊಳೆಯುವುದು, ಬಾಚುವುದು ಎಲ್ಲ ಹತ್ತಿರದಿಂದ ಕಾಣುತ್ತದೆ. ಆ ಕುದುರೆಯ ಗೊರಸು ನಮ್ಮ ಚಿಕ್ಕವನ ಊಟದ ತಟ್ಟೆಯಷ್ಟಿತ್ತು. ಪುಟಾಣಿ ಕುದುರೆಯ ಮೇಲೆ ಕೂರಿಸುವುದಕ್ಕೆ, ಕಾಡುದಾರಿಯ ಸವಾರಿಗೆ ಬೇರೆ ದುಡ್ಡು.

ಮಧ್ಯಾಹ್ನ ಈಜುಕೊಳ. ಎರಡಿವೆ. ಮೆಡೋ ಅನ್ನುವ ಕಡೆಯದ್ದರಲ್ಲಿ ಜಾರುಬಂಡೆ ಇದೆ, ಮಕ್ಕಳು ಅಲ್ಲೇ ಹೋಗಬೇಕು ಅನ್ನುತ್ತಾರೆ. ದೊಡ್ಡವರಿಗೆ ಇನ್ನೊಂದು ಶಾಂತವಾಗಿದೆ. ಕಾಲುವೆಯಲ್ಲಿ ಬಾಡಿಗೆ ಕೆನೂ (ಹುಟ್ಟು ಹಾಕುವ ಸಣ್ಣ ದೋಣಿ) ನಡೆಸಬಹುದು. ಗಾಳ ಹಾಕಿ ಮೀನು ಹಿಡಿಯಬಹುದು, ಹಿಡಿದದ್ದನ್ನು ನೀರಿಗೇ ಬಿಡಬೇಕು. ಕೆರೆಗೆ ಮಾತ್ರ ಕಾಲಿಡಬೇಡಿ. ಬಿಳಿ ಮರಳಿನ ದಂಡೆ ಕರೆಯುತ್ತದೆ, ಆದರೆ ಈಜು ನಿಷೇಧ. ಫ್ಲಾರಿಡಾದಲ್ಲಿ ಕೆರೆ ಅಂದರೆ ಮೊಸಳೆ ಇದೆ ಅಂತಲೇ ತಿಳಿಯಬೇಕು. ಸಂಜೆಯಾದ ಮೇಲೆ ಮಕ್ಕಳನ್ನು ನೀರಿನ ಅಂಚಿನಿಂದ ದೂರ ಇಡಿ.

ಸಂಜೆ ಕ್ಯಾಂಪ್‌ಫೈರ್. ಚಿಪ್ ಮತ್ತು ಡೇಲ್ ಅನ್ನುವ ಎರಡು ಕಾರ್ಟೂನ್ ಅಳಿಲುಗಳ ಜೊತೆ ಹಾಡು, ಕುಣಿತ, ಆಮೇಲೆ ಬಯಲಲ್ಲಿ ಸಿನಿಮಾ. ಟಿಕೆಟ್ ಇಲ್ಲ. ಪಾರ್ಕಿನಲ್ಲಿ ಇಂಥ ವೇಷಧಾರಿಗಳ ಜೊತೆ ಒಂದು ಫೋಟೊಗೆ ಕ್ಯೂ ನಿಲ್ಲಬೇಕು, ಇಲ್ಲಿ ಅವರೇ ಬೆಂಚಿನ ಹತ್ತಿರ ಬರುತ್ತಾರೆ. ಸಮಯ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಚೆಕ್-ಇನ್ ದಿನವೇ ಕೇಳಿಟ್ಟುಕೊಳ್ಳಿ. ಬೆಂಕಿಯಲ್ಲಿ ಮಾರ್ಷ್‌ಮೆಲೋ ಸುಟ್ಟು ಬಿಸ್ಕತ್ತು-ಚಾಕೊಲೇಟಿನ ನಡುವೆ ಒತ್ತಿ ತಿನ್ನುವುದು ಇಲ್ಲಿನ ಸಂಪ್ರದಾಯ. ಸಸ್ಯಾಹಾರಿಗಳು ಗಮನಿಸಿ: ಸಾಮಾನ್ಯ ಮಾರ್ಷ್‌ಮೆಲೋದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ-ಮೂಳೆಯಿಂದ ಬರುವುದು. ಜೆಲಟಿನ್ ಇಲ್ಲದವೂ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ, ಮುಂಚೆಯೇ ತಂದಿಟ್ಟುಕೊಳ್ಳಿ.

ಆಮೇಲೆ ಕುರ್ಚಿ ಎತ್ತಿಕೊಂಡು ಕೆರೆ ದಂಡೆಗೆ. ಮ್ಯಾಜಿಕ್ ಕಿಂಗ್‌ಡಮ್‌ನ ಪಟಾಕಿ ನೀರಿನ ಆಚೆ ಕಾಣುತ್ತದೆ, ಹಾಡು ಇಲ್ಲಿನ ಸ್ಪೀಕರಿನಲ್ಲೇ ಕೇಳುತ್ತದೆ. ಅದು ಮುಗಿದ ಮೇಲೆ ಎದ್ದು ಹೋಗಬೇಡಿ. ಒಂಬತ್ತೂ ಮುಕ್ಕಾಲರ ಸುಮಾರಿಗೆ, ಪಟಾಕಿ ತಡವಾದರೆ ಇನ್ನೂ ಸ್ವಲ್ಪ ತಡವಾಗಿ, ಕೆರೆಯ ಮೇಲೆ ದೀಪದ ತೇರು ಬರುತ್ತದೆ. ಹದಿನಾಲ್ಕು ತೆಪ್ಪಗಳ ಸಾಲು, ಒಂದೊಂದರ ಮೇಲೂ 25 ಅಡಿ ಎತ್ತರದ ಬೆಳಕಿನ ಪರದೆ. ಆಮೆ, ತಿಮಿಂಗಿಲ, ಸಮುದ್ರದ ಹಾವು ಮಿನುಗುತ್ತಾ ಕತ್ತಲಲ್ಲಿ ಮೆಲ್ಲಗೆ ಸಾಗುತ್ತವೆ. 1971ರಿಂದಲೂ ನಡೆದುಕೊಂಡು ಬಂದಿದೆ. ಇವತ್ತಿನ ಲೇಸರ್ ಅಬ್ಬರದ ಮುಂದೆ ಇದು ಹಳೇ ಕಾಲದ್ದು ಅಂತ ಮಗಳು ಮೂಗು ಮುರಿದಳು. ಅತ್ತೆ ಮಾತ್ರ "ತೆಪ್ಪೋತ್ಸವ ಕಣೇ ಇದು" ಅಂತ ಕೈಮುಗಿಯುವುದೊಂದು ಬಾಕಿ. ಮಾರನೇ ರಾತ್ರಿಯೂ ಹೋಗೋಣ ಅಂದರು.

ಹೆಜ್ಜೆ 9: ಒಂದು ದಿನ ಹೊರಗೆ

ಡಿಸ್ನಿಯ ಬಸ್ಸು, ದೋಣಿ, ಮಾನೋರೈಲ್ (ಒಂಟಿ ಹಳಿಯ ರೈಲು) ಯಾವುದಕ್ಕೂ ಟಿಕೆಟ್ ಇಲ್ಲ. ಬ್ಯಾಗ್ ತಪಾಸಣೆ ಇರುತ್ತದೆ, ಅಷ್ಟೇ. ನಮ್ಮ ದಾರಿ ಹೀಗಿತ್ತು: ಕ್ಯಾಂಪಿನ ದೋಣಿ ಹತ್ತಿ ಕೆರೆ ದಾಟಿ ಕಾಂಟೆಂಪರರಿ ಹೋಟೆಲ್. ಮಾನೋರೈಲ್ ಆ ಕಟ್ಟಡದ ಹೊಟ್ಟೆಯೊಳಗೇ ನುಗ್ಗಿ ಹೊರಬರುತ್ತದೆ. ಒಳಗೆ 90 ಅಡಿ ಎತ್ತರದ ಟೈಲ್ಸ್ ಚಿತ್ರ ಇದೆ, ಮೇರಿ ಬ್ಲೇರ್ ಅನ್ನುವ ಕಲಾವಿದೆ ಮಾಡಿದ್ದು. ಅದರಲ್ಲೊಂದು ಆಡಿಗೆ ಐದು ಕಾಲು. ಮಕ್ಕಳಿಗೆ "ಹುಡುಕಿ" ಅಂತ ಬಿಟ್ಟುಬಿಡಿ, ಅರ್ಧ ಗಂಟೆ ನಿಮಗೆ ವಿಶ್ರಾಂತಿ. ಸುಳಿವು ಬೇಕಾದರೆ, ಅದು ಮಾನೋರೈಲ್ ಹಳಿಯ ಕಡೆ ಇದೆ.

ಅಲ್ಲಿಂದ ಮಾನೋರೈಲಿನಲ್ಲಿ ಟ್ರಾನ್ಸ್‌ಪೋರ್ಟೇಶನ್ ಸೆಂಟರಿಗೆ ಹೋಗಿ ಎಪ್ಕಾಟ್ ಅನ್ನುವ ಇನ್ನೊಂದು ಪಾರ್ಕಿನ ಕಡೆಯ ರೈಲಿಗೆ ಬದಲಾಯಿಸಿ. ಈ ರೈಲು ನಿಲ್ಲುವ ಮುಂಚೆ ಪಾರ್ಕಿನ ಒಳಗೇ ಮೇಲಿನಿಂದ ಒಂದು ಸುತ್ತು ಹಾಕುತ್ತದೆ. ಆ ದೊಡ್ಡ ಬೆಳ್ಳಿ ಗೋಳ, ತೋಟ, ಜನ ಎಲ್ಲ ಕಿಟಕಿಯಿಂದ ಕಾಣುತ್ತದೆ. ಇಳಿದು ಮತ್ತೆ ವಾಪಸ್ ಹತ್ತಿ. ಪಾರ್ಕಿನ ದರ್ಶನ ಪುಕ್ಕಟೆ, ಅಲ್ವಾ?

ಇನ್ನೊಂದು ಜಾಗ ಬಿಡಬೇಡಿ: ಅನಿಮಲ್ ಕಿಂಗ್‌ಡಮ್ ಲಾಡ್ಜ್. ಹೋಟೆಲಿನ ಹಿಂದೆಯೇ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ. ಕಾರಿನಲ್ಲೇ ಹೋಗಿ, ಬಸ್ಸಾದರೆ ಎರಡು ಕಡೆ ಬದಲಿಸಬೇಕು. ಅಲ್ಲಿನ ಸನಾ ಹೋಟೆಲಿನಲ್ಲಿ ನಾನ್ ಮತ್ತು ಬಗೆಬಗೆಯ ಚಟ್ನಿ, ರಾಯ್ತ ಬರುವ ಒಂದು ತಟ್ಟೆ ಇದೆ. ಕಿಟಕಿ ಪಕ್ಕ ಕೂತರೆ ಊಟದ ಹೊತ್ತಿಗೆ ಜಿರಾಫೆ ಹಾದುಹೋಗುತ್ತದೆ. 60 ದಿನ ಮುಂಚೆ ಟೇಬಲ್ ಹಿಡಿಯಿರಿ. ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ ಬೀದಿಗೂ ಟಿಕೆಟ್ ಇಲ್ಲ. ಲೆಗೊ ಅಂಗಡಿ ಬಿಟ್ಟರೆ ನನಗೆ ಅಲ್ಲಿ ವಿಶೇಷ ಕಾಣಲಿಲ್ಲ.

ಹೆಜ್ಜೆ 10: ಮಳೆ ಮತ್ತು ಕಳ್ಳ

ಸಿಡಿಲು ಬಂದರೆ ಟೆಂಟ್ ಬಿಟ್ಟು ಕಾರಿಗೆ ಇಲ್ಲವೇ ಕಂಫರ್ಟ್ ಸ್ಟೇಷನ್ನಿಗೆ ಹೋಗಿ. ಆಗ ದೋಣಿ, ಈಜುಕೊಳ ಎಲ್ಲ ನಿಲ್ಲುತ್ತವೆ. ಒಂದು ಪಗಡೆ ಹಾಸು, ಕವಡೆ ಇದ್ದರೆ ಮಧ್ಯಾಹ್ನ ಕಳೆಯಿತು.

ಕಳ್ಳ ಅಂದರೆ ರಕೂನ್. ಬೆಕ್ಕಿನ ಗಾತ್ರದ ಪ್ರಾಣಿ, ಕಣ್ಣ ಸುತ್ತ ಕಪ್ಪು ಪಟ್ಟಿ, ಮನುಷ್ಯರಂಥ ಕೈ. ಎರಡನೇ ರಾತ್ರಿ ಮೇಜಿನ ಮೇಲೆ ಬಟ್ಟೆ ಚೀಲ ಬಿಟ್ಟು ಮಲಗಿದ್ದೆವು. ಚರಪರ ಸದ್ದಿಗೆ ಎಚ್ಚರವಾಗಿ ಟಾರ್ಚ್ ಹಾಕಿದರೆ, ಅತ್ತೆ ಮೂರು ದಿನ ಕೂತು ಕರಿದ ಕೋಡುಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು. ಬೆಳಕು ಬಿದ್ದರೂ ಓಡಲಿಲ್ಲ. "ನಮ್ಮೂರಲ್ಲಿ ಕೋತಿ, ಇಲ್ಲಿ ಇದು. ಖಾರ ಆಗಲ್ವಾ ಅದಕ್ಕೆ?" ಅಂತ ಅತ್ತೆ ಟೆಂಟಿನೊಳಗಿಂದಲೇ ಕೇಳಿದರು. ಆಗಲಿಲ್ಲ. ಪೂರ್ತಿ ಮುಗಿಸಿತು. ಆದ್ದರಿಂದ ತಿಂಡಿ, ಕಸ, ಎಣ್ಣೆ ಬಾಟಲಿ, ಕೊನೆಗೆ ಟೂತ್‌ಪೇಸ್ಟ್ ಕೂಡ ರಾತ್ರಿ ಕಾರಿನ ಡಿಕ್ಕಿಗೆ ಹೋಗಬೇಕು. ಎಂಜಲು ನೀರನ್ನು ಸೈಟಿನಲ್ಲಿ ಚೆಲ್ಲಬೇಡಿ.

ಹೆಜ್ಜೆ 11: ಹೊರಡುವುದು

ಹನ್ನೊಂದಕ್ಕೆ ಸೈಟ್ ಬಿಡಬೇಕು. ಹಿಂದಿನ ರಾತ್ರಿಯೇ ಅಡುಗೆ ಸಾಮಾನು, ಕುರ್ಚಿ ಕಾರಿಗೆ ಹಾಕಿಬಿಡಿ. ಬೆಳಿಗ್ಗೆಗೆ ಕಾಫಿ ಫಿಲ್ಟರ್, ಅವಲಕ್ಕಿ, ಮೊಸರು ಮಾತ್ರ ಹೊರಗಿರಲಿ. ಇಬ್ಬನಿಗೆ ಟೆಂಟ್ ಒದ್ದೆಯಾಗಿರುತ್ತದೆ, ಬಿಸಿಲು ಮೂಡುವವರೆಗೆ ಕಾಯಲು ಹೊತ್ತು ಇರುವುದಿಲ್ಲ. ದೊಡ್ಡ ಕಸದ ಚೀಲಕ್ಕೆ ತುರುಕಿ ತಂದು, ಮನೆ ಮುಟ್ಟಿದ ದಿನವೇ ಗ್ಯಾರೇಜಿನಲ್ಲಿ ಹರವಿ. ನಾಳೆ ಅಂತ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ನಮ್ಮದು ಎರಡು ದಿನ ಹಾಗೇ ಹರವಿತ್ತು. ಮೂರನೇ ದಿನ ಮಡಚೋಣ ಅಂತ ಹೋದರೆ, ಮಾವ ಅದರೊಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ ಕೂತಿದ್ದರು. ಗೂಟಗಳ ಚೀಲ ಅವರ ಕಾಲ ಬಳಿಯೇ ಬಿದ್ದಿತ್ತು.